ಟವೆಲ್ಲಿನ ಕೆಳಗೆ ಮುಗಿದ ಮಾತು

ನನ್ನ ಪಿಯುಸಿ ಫಲಿತಾಂಶ ಬಂದ ವಾರವೇ ಅಜ್ಜಂಪುರದ ನಮ್ಮ ಮನೆಗೆ ಇನ್ನೊಂದು ಸುದ್ದಿಯೂ ಬಂತು. ಊರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯ ಜಾಗ ಖಾಲಿಯಿದೆ, ಪಿಯುಸಿ ಆಗಿದ್ದರೆ ಸಾಕು, ಹುಡುಗಿಯಾದರೂ ಅಡ್ಡಿಯಿಲ್ಲ ಎಂದು. ಸುದ್ದಿ ತಂದವನು ನನ್ನ ಸೋದರಮಾವ. ಹಿರೇನಲ್ಲೂರಿನಿಂದ ಬಂದು ಬಸ್ಸಿಳಿದವನೇ ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿದ್ದ.

"ಅಕ್ಕಾ, ನಿನ್ ಮಗಳಿಗೆ ಕೆಲ್ಸ ಗ್ಯಾರಂಟಿ ಕಣೇ. ಸಂಘದ ಅಧ್ಯಕ್ಷರು ನಂಗೆ ಮಾತು ಕೊಟ್ಟವ್ರೆ. ಮುಂದಿನ್ ತಿಂಗಳು ಒಂದನೇ ತಾರೀಕು ಹೋಗಿ ಕುರ್ಚಿ ಮ್ಯಾಲೆ ಕುಂತ್ಕೊಂಡ್ರೆ ಆಯ್ತು. ತಡ ಮಾಡಿದ್ರೆ ಬೇರೇರು ಕುಂತ್ಕೊಂಬಿಡ್ತಾರೆ."

ಅಮ್ಮ ಅವತ್ತು ತಮ್ಮನಿಗೆ ಶಾವಿಗೆ ಪಾಯಸ ಮಾಡಿ ಬಡಿಸಿದಳು. ನಾನು ಎರಡನೇ ದರ್ಜೆಯಲ್ಲಿ ಪಾಸಾದ ದಿನ ನನ್ನ ಬಾಯಿಗೆ ಬಿದ್ದದ್ದು ಒಂದು ಚಮಚ ಸಕ್ಕರೆ. ಇದನ್ನು ನಾನು ಇಷ್ಟು ವರ್ಷವಾದರೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ನನಗೆ ಬೇಕಾಗಿದ್ದದ್ದು ಕಡೂರಿನ ಕಾಲೇಜು. ಬಿ.ಕಾಂ. ಸೇರಬೇಕು, ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಬೀರೂರಿಗೆ ಹೋಗಬೇಕು, ಅಲ್ಲಿಂದ ಬಸ್ಸು ಹತ್ತಿ ಕಡೂರಿಗೆ ಹೋಗಬೇಕು, ಎದೆಗೆ ಪುಸ್ತಕ ಅವಚಿಕೊಂಡು ಇಳಿಯಬೇಕು. ಯಾಕೆ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಳಿದವನು ಅಪ್ಪ.

"ಸರಿ, ಡಿಗ್ರಿ ತಗಂಡೆ ಅಂತ ಇಟ್ಕೋ. ಅದು ಏನ್ ಕೆಲ್ಸ ಮಾಡ್ತದೆ, ಹೇಳು."

"ಜ್ಞಾನ ಬರ್ತದೆ," ಎಂದೆ.

ಒಲೆಯ ಮುಂದೆ ಕೂತಿದ್ದ ಅಮ್ಮ ಊದುಗೊಳವೆ ಕೆಳಗಿಟ್ಟು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ನಗಲಿಲ್ಲ. ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ.

ಅಪ್ಪ ದನದ ದಲ್ಲಾಳಿ. ದಲ್ಲಾಳಿ ಎಂದರೆ ಈಗಿನವರಿಗೆ ಬೈದಂತೆ ಕೇಳಿಸುತ್ತದೆ, ನಮ್ಮಪ್ಪನಿಗೆ ಅದು ಬಿರುದು. ಸುತ್ತಿನ ಯಾವ ಸಂತೆಯಲ್ಲೇ ಆಗಲಿ, ಒಳ್ಳೆ ಜೋಡಿ ಎತ್ತು ಕೈ ಬದಲಾಯಿಸಬೇಕಾದರೆ ನಡುವೆ ಅವನು ಇರಬೇಕಿತ್ತು. ಮಾರುವವನು ಹೇಳುವ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವನು, ಮೈಮೇಲಿನ ಕೂದಲ ಸುಳಿ ಹುಡುಕುವನು, ಕೊನೆಗೆ ನೊಗ ಕಟ್ಟಿಸಿ ನಾಲ್ಕು ಸಾಲು ಉಳುಮೆ ಮಾಡಿಸಿ ನೋಡುವನು. ಹೂಡಿದಾಗ ಮಲಗುವ ಎತ್ತಿನ ಕೊಂಬು ಎಷ್ಟು ಚೆಂದ ಇದ್ದರೇನು ಎನ್ನುವುದು ಅವನ ಲೆಕ್ಕಾಚಾರ. ಇಂಥವನ ಮುಂದೆ ನಾನು ಜ್ಞಾನ ಬರ್ತದೆ ಎಂದಿದ್ದೆ.

ಖರ್ಚು ಏನೇನು ಎನ್ನುವುದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿತ್ತು. ಕಾಲೇಜಿನ ಫೀಸು, ರೈಲಿನ ಪಾಸು, ಪುಸ್ತಕ, ನಾಲ್ಕು ಜನರ ಮುಂದೆ ಉಡುವಂಥ ಸೀರೆ. ಅದೆಲ್ಲಕ್ಕಿಂತ ದೊಡ್ಡದು ಕೈಗೆ ಬಂದ ಕೆಲಸ. ಮೂರು ವರ್ಷದ ಸಂಬಳ ಬಿಟ್ಟು, ಮೂರು ವರ್ಷ ಮನೆಯಿಂದ ಹಾಕಿ, ಆಮೇಲೆ ಕೆಲಸ ಸಿಗುತ್ತದೋ ಇಲ್ಲವೋ ಎಂದು ಕಾಯಬೇಕು. ಅಮ್ಮ ಇದನ್ನು ದಿನಕ್ಕೆ ನಾಲ್ಕು ಸಲ ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದದ್ದು ನಿಜ ಎಂದು ಗೊತ್ತಿದ್ದರಿಂದಲೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು.

ಕೊನೆಗೆ ಅಪ್ಪ ಒಂದು ದಾರಿ ಕಂಡುಕೊಂಡ. ಡಿಗ್ರಿ ತಗೊಂಡವರನ್ನು ಹೋಗಿ ನೋಡುವುದು. "ಎತ್ತು ಕೊಳ್ಳೋ ಮುಂಚೆ ಅದೇ ತಳಿ ಎತ್ತು ಇನ್ನೊಬ್ಬರ ಹೊಲದಾಗೆ ಹೆಂಗೆ ಉಳ್ತದೆ ನೋಡ್ಕಂಬರ್ಬೇಕು," ಎಂದ. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ದಿನ. ಅಪ್ಪನಿಗೂ ಅವತ್ತು ಬಿಡುವು. ಆದ್ದರಿಂದ ಪದವೀಧರರ ತಪಾಸಣೆಗೆ ಸೋಮವಾರ ಗೊತ್ತಾಯಿತು.

ಮೊದಲ ಸೋಮವಾರ ತರೀಕೆರೆಗೆ ಹೋದೆವು. ಅಪ್ಪನಿಗೆ ಪರಿಚಯವಿದ್ದ ಒಬ್ಬರ ಮಗ ಅಲ್ಲಿ ಬಿ.ಎಸ್ಸಿ. ಮುಗಿಸಿ ಹಿಟ್ಟಿನ ಗಿರಣಿ ಇಟ್ಟಿದ್ದ. ಗಿರಣಿಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಅವನ ಪದವಿ ಪತ್ರಕ್ಕೂ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರ ಗಾಜಿನ ಮೇಲೆ ಎಷ್ಟು ಹಿಟ್ಟು ಕೂತಿತ್ತೆಂದರೆ ಅವನ ಹೆಸರು ಓದಲು ಅಪ್ಪ ಟವೆಲ್ಲಿನ ತುದಿಯಿಂದ ಒರೆಸಬೇಕಾಯಿತು.

ಬೆಲ್ಟು ಓಡುವ ಸದ್ದಿನಲ್ಲಿ ಅಪ್ಪ ಕೂಗಿ ಕೇಳಿದ. "ಏನಪ್ಪಾ, ಇದ್ರಿಂದ ಏನ್ ಉಪಯೋಗ ಆಯ್ತು?"

ಹುಬ್ಬೆಲ್ಲ ಬೆಳ್ಳಗಾಗಿದ್ದ ಆ ಹುಡುಗ ರಾಗಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾ ಬಹಳ ಯೋಚಿಸಿದ. ಪಾಪ, ಪ್ರಾಮಾಣಿಕ. "ಗಿರಣಿಗಂತೂ ಏನೂ ಉಪಯೋಗ ಆಗ್ಲಿಲ್ಲ ಕಣ್ರೀ," ಎಂದು ಕೂಗಿದ. ಆಮೇಲೆ ಸ್ವಲ್ಪ ನಾಚಿಕೊಂಡು, "ಹೆಣ್ಣು ಮಾತ್ರ ಒಳ್ಳೆ ಕಡೆಯಿಂದ ಬಂತು," ಎಂದ. ಒಳಗಿನಿಂದ ಆ ಒಳ್ಳೆ ಕಡೆಯ ಹೆಣ್ಣು ನಮಗೆ ಮಜ್ಜಿಗೆ ತಂದುಕೊಟ್ಟಳು. ಮಜ್ಜಿಗೆಯಲ್ಲೂ ಹಿಟ್ಟಿನ ವಾಸನೆ ಇತ್ತು.

"ಗಂಡು ಹುಡುಗ್ರಿಗೆ ಲಾಭ ಐತೆ ಅಂತಾಯ್ತು," ಎಂದು ಅಪ್ಪ ಸ್ಟೇಷನ್ನಿನ ದಾರಿಯಲ್ಲಿ ಹೇಳಿದ.

ಎರಡನೇ ಸೋಮವಾರ ಕಡೂರು. ಅಲ್ಲಿ ಬಿ.ಎ. ಮಾಡಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬರಿದ್ದರು. ಒಂದು ಕಾಲದಲ್ಲಿ ಅಪ್ಪನಿಂದ ಹಾಲು ಕರೆಯುವ ಎಮ್ಮೆ ಕೊಡಿಸಿಕೊಂಡವರು, ಆ ಎಮ್ಮೆ ಚೆನ್ನಾಗಿ ಹಾಲು ಕೊಟ್ಟದ್ದರಿಂದ ನಮ್ಮನ್ನು ಆದರದಿಂದಲೇ ಮಾತಾಡಿಸಿದರು. ಕಚೇರಿಯ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, ಡಿಗ್ರಿಯನ್ನು ಬೈಯಲು ಕೂತರು.

"ನನ್ ಪಕ್ಕದ್ ಟೇಬಲ್ಲಿನವನು ಬರೀ ಎಸ್ಸೆಸ್ಸೆಲ್ಸಿ ಕಣ್ರೀ. ಅವನೂ ಅದೇ ಫೈಲ್ ಬರೀತಾನೆ, ನಾನೂ ಅದೇ ಫೈಲ್ ಬರೀತೀನಿ. ಅವನ ಅಕ್ಷರ ನನಗಿಂತ ದುಂಡಗಿದೆ. ಕೈಗೆ ಬಂದಿರೋ ಕೆಲ್ಸ ಬಿಟ್ಟು ಡಿಗ್ರಿ ಅಂತ ಓಡಾಡೋದು ಹುಚ್ಚು."

ನಾನು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ. ಅಪ್ಪ ತಲೆದೂಗುತ್ತಿದ್ದ. ಎದ್ದು ಹೊರಡುವಾಗ, ಸುಮ್ಮನೆ ಮನೆಕಡೆ ವಿಚಾರಿಸುವವನಂತೆ, "ನಿಮ್ ಮಕ್ಳು ಏನ್ ಮಾಡ್ತವ್ರೆ?" ಎಂದು ಕೇಳಿದ.

"ದೊಡ್ಡವಳು ಇಲ್ಲೇ ಬಿ.ಎ. ಎರಡನೇ ವರ್ಷ. ಚಿಕ್ಕವಳನ್ನೂ ಈ ವರ್ಷ ಸೇರಿಸ್ತಿದೀನಿ," ಎಂದರು ಅವರು, ಒಂದಿಷ್ಟೂ ಸಂಕೋಚವಿಲ್ಲದೆ.

ಹೊರಗೆ ಬಂದ ಮೇಲೆ ಅಪ್ಪ ರಸ್ತೆಯ ನಡುವೆ ನಿಂತು ನಕ್ಕ. "ನೋಡಿದ್ಯೇನೇ? ಬಾಯಲ್ಲಿ ಬ್ಯಾಡ ಅಂತಾನೆ, ಕೊಟ್ಟಿಗೇಲಿ ಎರಡು ಕಟ್ಕಂಡವ್ನೆ." ನನಗೆ ಆಸೆ ಹುಟ್ಟಿತು. ಅಪ್ಪ ಅಲ್ಲಿಗೇ ಬಿಟ್ಟುಬಿಟ್ಟ. "ಬಂದಿದ್ದು ಬಂದ್ವಿ, ಕಾಲೇಜೂ ನೋಡ್ಕಂಡ್ ಹೋಗನ," ಎಂದ.

ಕಾಲೇಜಿನಲ್ಲಿ ಸೇರುವವರ ಗಲಾಟೆ. ಪ್ರಿನ್ಸಿಪಾಲರ ಕೋಣೆಯಲ್ಲಿ ನಮ್ಮಂತೆಯೇ ಮೂರ್ನಾಲ್ಕು ಜನ ತಂದೆಯರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಂತಿದ್ದರು. ಪ್ರಿನ್ಸಿಪಾಲರು ಮೈಸೂರಿನ ಕಡೆಯವರು, ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿಯವರು. ನನ್ನ ಅಂಕಪಟ್ಟಿ ನೋಡಿ, "ಬಿ.ಕಾಂ.ಗೆ ಸೀಟಿದೆ. ಇವತ್ತೇ ಫೀಸು ಕಟ್ಟಿದರೆ ಒಳ್ಳೆಯದು," ಎಂದರು.

ಅಪ್ಪ ಅವರಿಗೆ ಕೈ ಮುಗಿದು, ಎತ್ತಿನ ವ್ಯಾಪಾರದ ಮೊದಲ ಮಾತು ಆಡಿದ. "ಸ್ವಾಮೀ, ಎಂಟು ದಿನ ಹುಡುಗಿ ಬಂದು ಕುಂತು ನೋಡ್ಲಿ. ಸರಿಹೋದ್ರೆ ಕಟ್ತೀನಿ, ಇಲ್ದಿದ್ರೆ ನಿಮ್ ಸೀಟು ನಿಮ್ಗೇ."

ಪಕ್ಕದಲ್ಲಿದ್ದವರು ಕಿಸಕ್ಕೆಂದರು. ನಾನು ನೆಲ ನೋಡಿದೆ. ಪ್ರಿನ್ಸಿಪಾಲರು ಮಾತ್ರ ಮರ್ಯಾದೆಯಿಂದಲೇ, "ಹಾಗೆ ಮಾಡಲು ಬರುವುದಿಲ್ಲ, ಯಜಮಾನರೇ," ಎಂದರು.

ಆಗ ಅಪ್ಪ ಹೆಗಲಿನ ಟವೆಲ್ ತೆಗೆದ. ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗಬಾರದು, ಕಡಿಮೆಗೆ ಕೇಳಿದರೆ ಮಾರುವವನಿಗೆ ಅವಮಾನವೂ ಆಗಬಾರದು. ಅದಕ್ಕೆ ಇಬ್ಬರ ಕೈಯ ಮೇಲೆ ಟವೆಲ್ ಮುಚ್ಚಿಕೊಂಡು ಬೆರಳು ಹಿಡಿದು ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಒಪ್ಪಿಗೆಯಾದರೆ ಎದುರಿನವನು ಇಡೀ ಕೈಯನ್ನು ಬಿಗಿಯಾಗಿ ಅಮುಕುತ್ತಾನೆ. ಅಲ್ಲಿಗೆ ಮುಗಿಯಿತು. ಎತ್ತಿನ ವಯಸ್ಸಿನ ಬಗ್ಗೆ ಎಷ್ಟು ಸುಳ್ಳಾದರೂ ಹೇಳಬಹುದು, ಅಪ್ಪ ಹೇಳುತ್ತಲೂ ಇದ್ದ, ಅದು ಎಲ್ಲರಿಗೂ ಗೊತ್ತಿತ್ತು. ಟವೆಲ್ಲಿನ ಕೆಳಗೆ ಆದ ಮಾತನ್ನು ಮಾತ್ರ ಯಾರೂ ತಿರುಗಿಸುವಂತಿಲ್ಲ. ತಿರುಗಿಸಿದವನ ಜೊತೆ ಮತ್ತೆ ಯಾವ ಸಂತೆಯಲ್ಲೂ ಯಾರೂ ವ್ಯಾಪಾರ ಮಾಡುವುದಿಲ್ಲ.

ಅಪ್ಪ ಮೇಜಿನ ಮೇಲಿದ್ದ ಪ್ರಿನ್ಸಿಪಾಲರ ಬಲಗೈಯನ್ನು ಮೆಲ್ಲಗೆ ಎತ್ತಿಕೊಂಡು, ಮೇಲೆ ಟವೆಲ್ ಹೊದಿಸಿದ. ಅಪ್ಪ ಎರಡು ಬೆರಳು ಹಿಡಿದದ್ದು ಟವೆಲ್ಲಿನ ಅಲುಗಾಟದಲ್ಲೇ ನನಗೆ ಗೊತ್ತಾಯಿತು. ಎರಡು ಕಂತಿನಲ್ಲಿ ಕಟ್ಟುತ್ತೇನೆ ಎಂದು ಕೇಳುತ್ತಿದ್ದ.

ಪ್ರಿನ್ಸಿಪಾಲರ ಮುಖ ನೋಡುವ ಹಾಗಿತ್ತು. ಮೊದಲು ಗಾಬರಿ, ಆಮೇಲೆ ಗೊಂದಲ, ಆಮೇಲೆ ಕರುಣೆ. ಯಾರೋ ಹಿರಿಯರು ಮಗಳ ಓದಿನ ಚಿಂತೆಯಲ್ಲಿ ಕೈ ಹಿಡಿದು ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡರೋ ಏನೋ. ಅಪ್ಪನ ಇಡೀ ಕೈಯನ್ನು ಮೆತ್ತಗೆ ಒತ್ತಿ, "ಆಗಲಿ, ಆಗಲಿ, ಚಿಂತೆ ಮಾಡಬೇಡಿ," ಎಂದರು.

ಅಪ್ಪ ಟವೆಲ್ ತೆಗೆದು ಒಮ್ಮೆ ಒದರಿ ಹೆಗಲಿಗೆ ಹಾಕಿಕೊಂಡ. "ಮಾತು ಮುಗೀತು," ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿದ.

ಅದು ವ್ಯಾಪಾರದ ಒಪ್ಪಿಗೆ ಅಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸಂತೆ ಸುತ್ತಿ ಎಷ್ಟೋ ಮುಖಗಳನ್ನು ನೋಡಿದ್ದೆ. ಆ ವಿದ್ಯೆ ಗೊತ್ತಿದ್ದವನ ಮುಖ ಆ ಹೊತ್ತಿನಲ್ಲಿ ಕಲ್ಲಿನಂತಿರುತ್ತದೆ. ಈ ಮನುಷ್ಯ ಜ್ವರ ಬಂದವರ ಕೈ ಹಿಡಿದ ಹಾಗೆ ಹಿಡಿದಿದ್ದರು. ನಾನು ಒಂದು ಮಾತು ಹೇಳಿದ್ದರೆ ಅಪ್ಪ ಮರುಮಾತಿಲ್ಲದೆ ಟವೆಲ್ ಹೊದ್ದುಕೊಂಡು ಹೊರಡುತ್ತಿದ್ದ. ನನ್ನ ಬಾಯಿ ತುಂಬ ದೊಡ್ಡದು ಎಂದು ಊರೆಲ್ಲ ಹೇಳುತ್ತಿತ್ತು. ಅವತ್ತು ಅದನ್ನು ಭದ್ರವಾಗಿ ಮುಚ್ಚಿಕೊಂಡೆ.

ಫೀಸಿನ ಕೌಂಟರಿನ ಗುಮಾಸ್ತ ಎರಡು ಕಂತು ಎಂದರೆ ಒಪ್ಪಲಿಲ್ಲ. "ಸಾಹೇಬ್ರ ಜೊತೆ ಮಾತಾಗೈತೆ, ಹೋಗಿ ಕೇಳ್ಕಂಬನ್ನಿ," ಎಂದ ಅಪ್ಪ. ಗುಮಾಸ್ತ ಒಳಗೆ ಹೋಗಿ, ತಲೆ ಕೆರೆದುಕೊಳ್ಳುತ್ತಾ ಹೊರಗೆ ಬಂದ. "ಯಾವಾಗ ಮಾತಾಯ್ತು ಅಂತ ಅವ್ರಿಗೂ ಗೊತ್ತಿಲ್ಲ ಕಣ್ರೀ. ಆದ್ರೂ ಆಗ್ಲಿ ಅಂದ್ರು." ಅಪ್ಪ ಆಗಲೇ ಒಳಜೇಬಿಗೆ ಕೈ ಹಾಕಿ ಆಗಿತ್ತು, ಗುಮಾಸ್ತನ ಮಾತನ್ನು ಕೇಳಿಸಿಕೊಂಡವನಂತೆ ಕಾಣಲಿಲ್ಲ.

ಮನೆಯಲ್ಲಿ ಅಮ್ಮನ ಜೊತೆ ಮಾವನೂ ಕಾಯುತ್ತಿದ್ದ. ವಿಷಯ ಕೇಳಿ ಅಮ್ಮ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು. "ಕಾಲೇಜೇನು ದನದ್ ಸಂತೇನಾ? ಬಂದಿದ್ ಕೆಲ್ಸ ಒದ್ದು ಬಂದ್ರಾ? ಏನ್ ಲಾಭ ಕಂಡ್ರಿ ಅದ್ರಾಗೆ?"

"ಲಾಭ ಗೀಭ ನಂಗೊತ್ತಿಲ್ಲ. ಟವೆಲ್ ಕೆಳಗೆ ಮಾತು ಮುಗಿದೈತೆ. ಇನ್ನೇನೂ ಮಾಡಂಗಿಲ್ಲ," ಎಂದ ಅಪ್ಪ, ತಾನೂ ಆ ಮಾತಿಗೆ ಸಿಕ್ಕಿಬಿದ್ದವನಂತೆ ಮುಖ ಸಪ್ಪಗೆ ಮಾಡಿಕೊಂಡು.

ಮಾವ ವಾದಕ್ಕೆ ಸಿದ್ಧನಾಗಿಯೇ ಬಂದಿದ್ದ. ಆದರೆ ಅವನೂ ವರ್ಷಕ್ಕೊಮ್ಮೆ ಹೋರಿ ಕೊಂಡು ಮಾರುವವನೇ. "ಅಂಗಾದ್ರೆ ಬಿಡು ಭಾವ. ಮಾತು ಮುಗಿದ್ ಮ್ಯಾಲೆ ಇನ್ನೇನು," ಎಂದು ಅಕ್ಕನನ್ನೇ ಸಮಾಧಾನ ಮಾಡತೊಡಗಿದ. ಅಮ್ಮ ಎರಡು ದಿನ ಅಪ್ಪನಿಗೆ ತಟ್ಟೆ ಇಟ್ಟು ಮಾತಾಡದೆ ಒಳಗೆ ಹೋಗುತ್ತಿದ್ದಳು. ಮೂರನೇ ದಿನ ನನಗೆ ತನ್ನ ನೀಲಿ ಸೀರೆ ಕೊಟ್ಟು, ಹರಿದುಕೊಂಡು ಬಂದರೆ ಚರ್ಮ ಸುಲಿಯುತ್ತೇನೆ ಎಂದಳು.

ಹೀಗೆ ನಾನು ಕಾಲೇಜಿಗೆ ಸೇರಿದೆ. ಸಂಘದ ಕೆಲಸ ಪಕ್ಕದ ಬೀದಿಯ ನನ್ನ ಸಹಪಾಠಿಗೆ ಸಿಕ್ಕಿತು. ಅವಳು ಮೊದಲ ಸಂಬಳದಲ್ಲಿ ಕೈಗಡಿಯಾರ ಕೊಂಡಳು. ನಾನು ಸ್ಟೇಷನ್ನಿಗೆ ಓಡುವಾಗ ಎದುರು ಸಿಕ್ಕರೆ ಬೇಕೆಂದೇ, "ಟೈಮ್ ಎಷ್ಟಾಯ್ತು ಹೇಳ್ಲೇನೇ?" ಎನ್ನುತ್ತಿದ್ದಳು. ಆ ಗಡಿಯಾರ ನೋಡಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಅದು ಅಪ್ಪಟ ಸುಳ್ಳು. ಮಳೆ ಹಿಡಿದ ದಿನ ಗಾಡಿ ತಡವಾಗಿ, ಬೀರೂರಿನಲ್ಲಿ ಬಸ್ಸು ತಪ್ಪಿ, ಮೊದಲ ಎರಡು ಪೀರಿಯಡ್ ಹೋದಾಗ, ಅಮ್ಮ ಹೇಳಿದ್ದೇ ಸರಿ ಎಂದು ಎಷ್ಟೋ ಸಲ ಅನ್ನಿಸಿದೆ.

ಆದರೂ ಆ ಮೂರು ವರ್ಷ ನಾನು ಸುಖವಾಗಿದ್ದೆ, ಬಹಳ ಸುಖವಾಗಿದ್ದೆ. ಗಾಡಿಯಲ್ಲಿ ಐದಾರು ಹುಡುಗಿಯರ ಗುಂಪು ನಮ್ಮದು. ಯಾರ ಡಬ್ಬಿಯನ್ನು ಯಾರು ತಿಂದರು ಎನ್ನುವ ಜಗಳ ಬೀರೂರಿನವರೆಗೂ ನಡೆಯುತ್ತಿತ್ತು. ಅಕೌಂಟೆನ್ಸಿ ಮೊದಲ ಆರು ತಿಂಗಳು ಒಂದಕ್ಷರ ತಲೆಗೆ ಹತ್ತಲಿಲ್ಲ, ಹತ್ತಿದ ದಿನ ಗಾಡಿಯಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ. ಒಂದು ಮಾತು ಮಾತ್ರ ಒಳಗೆ ಚುಚ್ಚುತ್ತಿತ್ತು. ಅಪ್ಪ ಆಗದ ವ್ಯಾಪಾರವನ್ನು ಆಯಿತೆಂದು ನಂಬಿ ನನ್ನನ್ನು ಓದಿಸುತ್ತಿದ್ದಾನೆ, ಅದು ಗೊತ್ತಿದ್ದೂ ನಾನು ಸುಮ್ಮನಿದ್ದೇನೆ. ಅವನು ಎರಡನೇ ಕಂತು ಕಟ್ಟಲು ಹೊರಟ ಬೆಳಿಗ್ಗೆ ಬಾಗಿಲವರೆಗೂ ಹಿಂದೆ ಹೋಗಿ ಹೇಳಲಾರದೆ ವಾಪಸ್ಸು ಬಂದೆ. ಹೇಳಿದರೆ ಅಲ್ಲಿಗೇ ಓದು ನಿಂತೀತು ಎನ್ನುವ ಭಯ.

ಕೊನೆಯ ವರ್ಷದ ಫಲಿತಾಂಶವನ್ನು ಕಡೂರಿಗೆ ಹೋಗಿ ನೋಡಿ, ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದೆ. ಮನೆಗೆ ಬಂದಾಗ ಅಮ್ಮ ಇರಲಿಲ್ಲ. ಅಪ್ಪ ಹಿತ್ತಿಲಲ್ಲಿ ಮಾರಾಟಕ್ಕೆ ಬಂದಿದ್ದ ಒಂದು ಹೋರಿಯ ಕೊಂಬು ಹೆರೆಯುತ್ತಾ ಕೂತಿದ್ದ. ದಾರಿಯುದ್ದಕ್ಕೂ ನಾನು ಯೋಚಿಸಿಕೊಂಡು ಬಂದದ್ದು ಒಂದೇ. ಓದಂತೂ ಮುಗಿಯಿತು, ಇನ್ನು ಹೇಳದಿದ್ದರೆ ಆಗುವುದಿಲ್ಲ. ಫಲಿತಾಂಶದ ಮಾತು ತೆಗೆಯುವ ಮೊದಲೇ ಅದನ್ನು ಹೇಳಿಬಿಟ್ಟೆ.

"ಅಪ್ಪಾ, ಅವತ್ತು ಪ್ರಿನ್ಸಿಪಾಲ್ರು ನಿನ್ ಕೈ ಒತ್ತಿದ್ರಲ್ಲ, ಅದು ಒಪ್ಪಿಗೆ ಅಲ್ಲ. ಅವ್ರಿಗೆ ಆ ವಿದ್ಯೆ ಗೊತ್ತೇ ಇರ್ಲಿಲ್ಲ. ನಂಗೆ ಅವತ್ತೇ ಗೊತ್ತಾಗಿತ್ತು. ಕಾಲೇಜಿನ ಆಸೆಗೆ ಸುಮ್ನಿದ್ದೆ."

ಅಪ್ಪ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಮೂವತ್ತು ವರ್ಷದಿಂದ ಜನರ ಕೈ ಹಿಡೀತಾ ಇದೀನಿ. ಗೊತ್ತಿರೋ ಕೈ ಯಾವ್ದು, ಗೊತ್ತಿಲ್ದಿರೋ ಕೈ ಯಾವ್ದು ಅಂತ ನಂಗೆ ತಿಳಿಯಲ್ವೇನೇ?" ಎಂದ. "ಹತ್ತಿ ಹಿಡಿದಂಗಿತ್ತು ಆ ಕೈ."

"ಮತ್ಯಾಕೆ ಮಾತು ಮುಗೀತು ಅಂದೆ?"

"ಇನ್ನೇನ್ ಅನ್ಲಿ? ತರೀಕೆರೆಗೆ ಹೋದ್ವಿ, ಕಡೂರಿಗೆ ಹೋದ್ವಿ, ನಿಮ್ಮಮ್ಮಂಗೆ ಹೇಳಾಕೆ ಒಂದು ಕಾರಣ ಸಿಗ್ಲಿಲ್ಲ. ಅವಳು ಹೇಳಿದ್ದೆಲ್ಲ ಸರಿಯಾಗೇ ಇತ್ತು. ನಂಗೆ ಮಾತ್ರ ನಿನ್ನ ಕಳಿಸ್ಬೇಕು ಅನ್ನಿಸ್ತಿತ್ತು. ಯಾಕೆ ಅಂತ ಕೇಳಿದ್ರೆ ನಂಗೂ ಗೊತ್ತಿರ್ಲಿಲ್ಲ ಕಣೇ." ಅವನು ಕೊಂಬಿನ ಮೇಲಿನ ಹುಡಿಯನ್ನು ಬಾಯಿಂದ ಊದಿದ. "ಟವೆಲ್ ಮಾತಿನ್ ಮ್ಯಾಲೆ ಸುಳ್ಳು ಹೇಳಿದ್ದು ಅದೊಂದೇ ಸಲ. ನಿಮ್ ಮಾವಂಗೆ ಗೊತ್ತಾದ್ರೆ ನನ್ ಕಸುಬೇ ಹೋಯ್ತದೆ, ಬಾಯ್ಬಿಡಬ್ಯಾಡ."

ನಗಬೇಕು ಎಂದುಕೊಂಡೆ. ನಗುವ ಬದಲು ಅಳು ಬಂತು. ಅಲ್ಲೇ ಒರಳುಕಲ್ಲಿನ ಮೇಲೆ ಕೂತು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಆ ಮನುಷ್ಯನ ಮೇಲೆ ನನಗಿದ್ದ ಪ್ರೀತಿ ಅಷ್ಟು ದೊಡ್ಡದೆಂದು ನನಗೆ ಅವತ್ತಿನವರೆಗೂ ತಿಳಿದಿರಲಿಲ್ಲ.

ಅಪ್ಪ ಗಾಬರಿಯಾಗಿ ಕೈಯಲ್ಲಿದ್ದ ಚಾಕು ಕೆಳಗಿಟ್ಟ. ನನ್ನನ್ನೂ, ನನ್ನ ಕೈಯಲ್ಲಿ ಮುದುಡಿಹೋಗಿದ್ದ ಅಂಕಗಳ ಚೀಟಿಯನ್ನೂ ನೋಡಿದ. ಹತ್ತಿರ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಿಸದಂತೆ ಮೆಲ್ಲಗೆ ಹೇಳಿದ.

"ಫೇಲಾದ್ರೆ ಆಗ್ಲಿ ಬಿಡೇ ಕೂಸೇ. ಇನ್ನೊಂದು ವರ್ಷ ಹೋಗು. ಕಟ್ತೀನಿ."

ನಾನು ಮುದುಡಿದ ಚೀಟಿಯನ್ನು ಮೊಣಕಾಲ ಮೇಲೆ ಬಿಡಿಸಿ, ಪಾಸಾಗಿದ್ದೇನೆ ಎಂದು ಬೆರಳಿಟ್ಟು ತೋರಿಸಿದೆ.